ಒಂದು ಗೆಣ್ಣಿನಷ್ಟು ಸಡಿಲು

ಐತವಾರ. ಕರೆಂಟಿಲ್ಲ.
ಬಿಲ್ಲು ಕೊಡುವವಳ ಮನೆಗೇ ಕರೆಂಟಿಲ್ಲವೆಂದು
ಓಣಿ ನಗುತ್ತದೆ. ನಗಲಿ.
ಅಂಗಳದ ಫರಸಿ ಇನ್ನೂ ತಣ್ಣಗಿದೆ,
ಒಂಬತ್ತರೊಳಗೆ ಮುಗಿಸಬೇಕು.
ಆಮೇಲೆ ಶಹಾಬಾದಿನ ಈ ಕಲ್ಲು ರೊಟ್ಟಿ ಹಂಚು.

ಗಾಡಿಯನ್ನು ಸ್ಟ್ಯಾಂಡಿಗೆ ಎತ್ತುತ್ತೇನೆ.
ಹಿಂದಿನ ಗಾಲಿ ನೆಲ ಬಿಟ್ಟು ಹಗುರಾಗಿ
ಯಾರೂ ಹೇಳದೆ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ.
ತಿಂಗಳಿಡೀ ತಿರುಗಿದ ಹಾದಿಯೆಲ್ಲ ಚೈನಿಗೆ ಮೆತ್ತಿದೆ:
ಪಾಲಿಶ್ ಮಷೀನುಗಳ ಬಿಳೀ ಹಿಟ್ಟು,
ವಾಡಿಯ ಸಿಮೆಂಟು,
ನಾಲವಾರದಾಚೆಯ ಎರಿ ಮಣ್ಣು,
ದಾಲ್ ಮಿಲ್ಲಿನ ಮುಂದೆ ಹಾರಿ ಬಂದ ತೊಗರಿ ಹೊಟ್ಟು.
ಮನೆಮನೆ ಸುಟ್ಟ ಯೂನಿಟ್ಟು ನಾನು ಬರೆದುಕೊಳ್ಳುತ್ತೇನೆ,
ನಾನು ಅಲೆದದ್ದನ್ನು ಇದು.

ಅಪ್ಪ ಕಟ್ಟೆಯ ಮೇಲೆ. ಚಹಾ ಬಸಿಯಲ್ಲಿ.
"ಇಂಜನ್ ಬಂದ್ ಅದ?"
"ಬಂದ್ ಅದ."
"ಚಾವಿ?"
ತೆಗೆದು ತೋರಿಸುತ್ತೇನೆ. ಸಾಲದು.
ಕೈ ಚಾಚುತ್ತಾನೆ. ಕೊಡುತ್ತೇನೆ.
ಅಂಗಿಯ ಕಿಸೆಗಿಳಿಸಿ, ಮೇಲೊಮ್ಮೆ ತಟ್ಟಿ ನೋಡಿ
ಆಮೇಲಷ್ಟೇ ಬಸಿಗೆ ಬಾಯಿಡುತ್ತಾನೆ.

ನಾನು ಹುಟ್ಟುವ ಹಿಂದಿನ ವರ್ಷದ ಮಾತು.
ರುಕ್ಮೊದ್ದೀನ್ ಚಾಚಾನ ಗ್ಯಾರೇಜಿನ ಮುಂದೆ
ಇಂಜನ್ ಚಾಲೂ, ಮೊದಲ ಗೇರು, ಅಪ್ಪನ ಕೈಯಲ್ಲಿ ಚಿಂದಿ.
"ಕೈಲೆ ಯಾಕ ತಿರುವೋದು, ತಾನೇ ತಿರುಗತದಲ್ಲ"
ಅಂದವರು ಯಾರೆಂದು
ಇಬ್ಬರೂ ಇವತ್ತಿಗೂ ಜಗಳಾಡುತ್ತಾರೆ.
ಚಿಂದಿ ಮೊದಲು ಹೋಯಿತಂತೆ,
ಅದರ ಹಿಂದೆಯೇ ತೋರುಬೆರಳಿನ ತುದಿಗೆಣ್ಣು.
ಅಂದಿನಿಂದ ನಮ್ಮ ಮನೆಗೆ ಗೇರ್ ಆಯಿಲ್
ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಬರುತ್ತದೆ.
ಚಾಚಾ ಒಮ್ಮೆಯೂ ರೊಕ್ಕ ಮುಟ್ಟಿಲ್ಲ.
ಅಪ್ಪ ಒಮ್ಮೆಯೂ ಯಾಕೆಂದು ಕೇಳಿಲ್ಲ.

ಶ್ರೀಖಂಡದ ಡಬ್ಬಿಯಲ್ಲಿ ಘಾಸಲೇಟು.
ಬ್ರಷ್ಷು ಅದ್ದಿ ಅದ್ದಿ ಒಂದೊಂದೇ ಕೊಂಡಿ ಉಜ್ಜುತ್ತೇನೆ.
"ಯಾರ ಬ್ರಷ್ಷೇ ಅದು?" ಒಳಗಿಂದ ಅವ್ವ.
ಉತ್ತರ ಕೊಡುವುದಿಲ್ಲ.
ಕಪ್ಪು ಸಾರು ಫರಸಿಯ ಸಂದಿ ಹಿಡಿದು ಹರಿಯುತ್ತದೆ,
ಇರುವೆಯೊಂದು ದಂಡೆಯಲ್ಲಿ ನಿಂತು ಯೋಚಿಸುತ್ತದೆ.
ಕ್ಲಿಪ್ಪಿನ ಕೊಂಡಿ ಮತ್ತೆ ಕೈಗೆ ಬಂದರೆ ಒಂದು ಸುತ್ತು.
ಅದರ ಮುಚ್ಚಿದ ಬಾಯಿ ಓಡುವ ದಿಕ್ಕಿಗೇ ಇದೆಯೇ ನೋಡಿ,
ಒಣ ಅರಿವೆಯಲ್ಲಿ ಒರೆಸಿ,
ಚೈನಿನ ಒಳಮಗ್ಗುಲಿಗೆ ಹನಿಹನಿಯಾಗಿ ಎಣ್ಣೆ.
ಗಾಲಿ ಹಿಂದಕ್ಕೆ, ಹಿಂದಕ್ಕೆ.
ಮೊದಲು ಗುಬ್ಬಿಮರಿಯ ಹಾಗೆ ಚಿರುಗುಟ್ಟುತ್ತಿದ್ದದ್ದು
ಎರಡನೇ ಸುತ್ತಿಗೆ ಗೊಣಗಿ
ಮೂರನೇ ಸುತ್ತಿಗೆ ಸುಮ್ಮನಾಯಿತು.

"ಈಗ ಸಡಿಲು ನೋಡು, ಜಗದೇವಿ."
ಕೆಳಗಿನ ಎಳೆಯ ನಟ್ಟನಡುವೆ ಬೆರಳಿಟ್ಟು ಎತ್ತುತ್ತೇನೆ.
"ಎಷ್ಟಿರಬೇಕು?"
ಗೊತ್ತಿದ್ದೇ ಕೇಳುತ್ತೇನೆ.
ಅಪ್ಪ ಬಲಗೈಯ ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿ
ಎಡಗೈಯ ಎರಡು ಬೆರಳಲ್ಲಿ
ಮೊಂಡು ತುದಿಯಿಂದ ಮೇಲಕ್ಕೆ
ಏನೂ ಇಲ್ಲದ ಜಾಗವನ್ನು ಹಿಡಿದು ತೋರಿಸುತ್ತಾನೆ.
"ಇಷ್ಟು."

"ಬಿಗಿ ಮಾಡಿದ್ರ ಹರೀತದ,
ಭಾಳ ಬಿಟ್ರ ಹಲ್ಲು ತಪ್ಪಿ ಜಿಗೀತದ."
ಅಕ್ಸಲ್ಲಿನ ನಟ್ಟು ಸಡಿಲಿಸಿ, ಎರಡೂ ಕಡೆ ಗೆರೆ ಕೂಡಿಸಿ
ನನ್ನ ಬೆರಳಿನ ತುದಿಗೆಣ್ಣಿಗೆ ಹಿಡಿದು ನೋಡುತ್ತೇನೆ.
ಒಂದು ಕೂದಲೆಳೆ ಹೆಚ್ಚು. ಇರಲಿ,
ನಾಳೆ ಹಿಂದಿನ ಸೀಟಿಗೆ ಅವ್ವ ಕೂರುವವಳಿದ್ದಾಳೆ.

"ಚಾವಿ?"
"ಎಣ್ಣಿ ಕುಡೀಲಿ ತಡಿ. ಸಂಜಿಗಿ ಕೊಡ್ತೀನಿ."

ಸಕ್ಕರೆ, ಸಾಬೂನು ಪುಡಿ ಹಾಕಿ ಕೈ ತಿಕ್ಕುತ್ತೇನೆ.
ಉಗುರ ಸಂದಿಯದು ಹೋಗುವುದಿಲ್ಲ,
ಬಿಲ್ಲು ಈಸಿಕೊಳ್ಳುವವರು ನಾಳೆ ಅದನ್ನೇ ನೋಡುತ್ತಾರೆ.
ಅಷ್ಟರಲ್ಲಿ ಬಾಗಿಲ ಮೇಲಿನ ಮೀಟರಿನಲ್ಲಿ
ಕೆಂಪು ದೀಪ ಮಿಣುಕಿ
ಒಳಗೆ ಫ್ಯಾನು ತಾನೇ ತಿರುಗತೊಡಗಿತು.
ಅದರ ಕೆಳಗೆ ಅಪ್ಪನಿಗೆ ಆಗಲೇ ನಿದ್ದೆ,
ಕಿಸೆಯ ಮೇಲೆ
ನಾಲ್ಕೂ ಚಿಲ್ಲರೆ ಬೆರಳು.